ತಪಾಸಣೆಯ ಚೀಟಿಯೂ ಬಡವನ ಪ್ರಾಣವೂ

ಕೊರೊನಾ ರೋಗವು ರಾಯ-ರಂಕ ಎಂಬ ಭೇದವೆಣಿಸಲಿಲ್ಲ ಎಂದು ಹೇಳುವವರು ಇಂದಿಗೂ ಇದ್ದಾರೆ. ರೋಗ ಎಣಿಸಿರಲಿಕ್ಕಿಲ್ಲ. ಆದರೆ ರೋಗವಿದೆಯೋ ಇಲ್ಲವೋ ಎಂದು ಹೇಳುವ ತಪಾಸಣೆ ಮಾತ್ರ ಖಂಡಿತವಾಗಿ ಎಣಿಸಿತು. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ ತಿಂಗಳಲ್ಲೇ ತುರ್ತುಸ್ಥಿತಿ ಮುಗಿಯಿತೆಂದು ಸಾರಿರುವಾಗ ಹಳೆಯ ಕಡತ ಬಿಚ್ಚುವುದೇಕೆ ಎಂದರೆ, ಆ ಕಡತದ ಲೆಕ್ಕವನ್ನು ಯಾರೂ ಜನರ ಮುಂದೆ ಇಟ್ಟಿಲ್ಲ ಎಂಬುದೇ ನಮ್ಮ ಉತ್ತರ.

2020ರ ಜನವರಿಯಲ್ಲಿ ಈ ಪರೀಕ್ಷೆ ಮಾಡಬಲ್ಲ ಪ್ರಯೋಗಾಲಯ ಇಡೀ ದೇಶಕ್ಕೆ ಪುಣೆಯಲ್ಲಿ ಒಂದೇ ಒಂದು ಇತ್ತು. ಮಾರ್ಚ್ 21ರಂದು ಖಾಸಗಿಯವರಿಗೆ ಅವಕಾಶ ಕೊಟ್ಟ ಕೇಂದ್ರ ಸರಕಾರ, ಒಂದು ಪರೀಕ್ಷೆಗೆ 4,500 ರೂಪಾಯಿಯವರೆಗೆ ವಸೂಲು ಮಾಡಬಹುದೆಂದಿತು. ನಾಲ್ಕು ಜನರ ಸಂಸಾರಕ್ಕೆ 18,000 ರೂಪಾಯಿ! ಗಿರಣಿಯ ಗೇಟು ಮುಚ್ಚಿ, ಅಂಗಡಿಗೆ ಬೀಗ ಬಿದ್ದಿದ್ದ ದಿನಗಳವು. ಏಪ್ರಿಲ್ 8ರಂದು ಸರ್ವೋಚ್ಚ ನ್ಯಾಯಾಲಯ ಪರೀಕ್ಷೆ ಪುಕ್ಕಟೆಯಾಗಲಿ ಎಂದು ಆಜ್ಞೆ ಮಾಡಿತು. ಐದೇ ದಿನಕ್ಕೆ ಆ ಆಜ್ಞೆ ತಿದ್ದುಪಡಿಯಾಗಿ, ಖಾಸಗಿಯಲ್ಲಿ ಪುಕ್ಕಟೆ ಎಂಬುದು ಆಯುಷ್ಮಾನ್ ಭಾರತ ಯೋಜನೆಯವರಿಗೂ ಸರಕಾರ ಗುರುತಿಸುವ ದುರ್ಬಲ ವರ್ಗದವರಿಗೂ ಮಾತ್ರ ಉಳಿಯಿತು. ಕಿರಾಣಿ ಅಂಗಡಿಯವನು ಬಡವರ ಪಟ್ಟಿಯಲ್ಲೂ ಇಲ್ಲ, 4,500 ಎಣಿಸುವವರ ಪಟ್ಟಿಯಲ್ಲೂ ಇಲ್ಲ.

ಅದೇ ಪರೀಕ್ಷೆಗೆ ಅದೇ ವರ್ಷದ ಡಿಸೆಂಬರಿನಲ್ಲಿ ನಮ್ಮ ರಾಜ್ಯ ಸರಕಾರ ಗೊತ್ತುಮಾಡಿದ ಖಾಸಗಿ ದರ 800 ರೂಪಾಯಿ. ಸಾಮಾನು ಅಗ್ಗವಾಯಿತೆಂಬ ಸಮಜಾಯಿಷಿಯಲ್ಲಿ ಸ್ವಲ್ಪ ಸತ್ಯವಿದೆ. ಎಲ್ಲವೂ ಸತ್ಯವೆಂದು ನಂಬುವುದಕ್ಕೆ ನಾವು ಸಿದ್ಧರಿಲ್ಲ. ಏಕೆಂದರೆ ರಕ್ತದಿಂದ ಪರೀಕ್ಷಿಸುವ ಚೀನಾದ ಕಿಟ್ಟುಗಳ ಕಥೆ ದೆಹಲಿ ಹೈಕೋರ್ಟಿನಲ್ಲಿ ಬಯಲಾಗಿದೆ. 245 ರೂಪಾಯಿಗೆ ದೇಶಕ್ಕೆ ಬಂದಿಳಿದ ಕಿಟ್ಟು ಸರಕಾರಕ್ಕೆ ಬಿದ್ದ ಬೆಲೆ 600 ರೂಪಾಯಿ. ಲಾಭ ಅತಿಯಾಯಿತೆಂದು ನ್ಯಾಯಾಲಯ ಅದನ್ನು 400ಕ್ಕೆ ಇಳಿಸಿತು. ಇಷ್ಟು ಬೆಲೆಯ ಸಾಮಾನು ಕೆಲಸಕ್ಕಾದರೂ ಬಂತೇ? ಫಲಿತಾಂಶ ನಂಬುವಂತಿಲ್ಲವೆಂದು ರಾಜಸ್ಥಾನ ದೂರಿತು. ಏಪ್ರಿಲ್ 27ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯೇ ಅವನ್ನು ವಾಪಸು ಮಾಡಿರೆಂದು ರಾಜ್ಯಗಳಿಗೆ ಬರೆಯಿತು.

ಆಮೇಲೆ ಜೂನಿನಲ್ಲಿ ಆಂಟಿಜನ್ ಪರೀಕ್ಷೆ ಬಂತು. ಮೂಗಿನ ದ್ರವ ತೆಗೆದು ಅರ್ಧ ಗಂಟೆಯಲ್ಲಿ ಫಲ ಹೇಳುವಂಥದು. ಇದನ್ನು ನಾವು ಸಾರಾಸಗಟಾಗಿ ಹಳಿಯುವುದಿಲ್ಲ. ಅದು ರೋಗವಿದೆ ಎಂದರೆ ಬಹುಪಾಲು ನಿಜವೇ. ತೊಡಕಿರುವುದು ಇಲ್ಲ ಎಂದಾಗ. ಮಂಡಳಿ ಒಪ್ಪಿಗೆ ಕೊಟ್ಟಾಗಲೇ ಪ್ರಕಟಿಸಿದ ಅಂಕಿಗಳ ಪ್ರಕಾರ, ನಿಜವಾಗಿ ಸೋಂಕಿರುವ ನೂರು ಜನರಲ್ಲಿ ಅದು ಹಿಡಿಯುವುದು 50ರಿಂದ 84 ಜನರನ್ನು. ಉಳಿದವರು ‘ರೋಗವಿಲ್ಲ’ ಎಂಬ ಚೀಟಿ ಹಿಡಿದು ಮನೆಗೆ, ಮಗ್ಗಕ್ಕೆ, ಸಂತೆಗೆ ಹೋಗುತ್ತಾರೆ. ಆದ್ದರಿಂದಲೇ ಜ್ವರ-ಕೆಮ್ಮು ಇದ್ದವರಿಗೆ ಇಲ್ಲವೆಂದು ಬಂದರೆ ಆರ್‌ಟಿ-ಪಿಸಿಆರ್ ಪರೀಕ್ಷೆ ಮಾಡಲೇಬೇಕೆಂಬ ನಿಯಮವಿತ್ತು. ನಿಯಮ ಪಾಲನೆಯಾಗುತ್ತಿಲ್ಲವೆಂದು ಸೆಪ್ಟೆಂಬರಿನಲ್ಲಿ ಕೇಂದ್ರವೇ ರಾಜ್ಯಗಳಿಗೆ ನೆನಪಿಸಬೇಕಾಯಿತು. ತಕ್ಕಡಿಯ ಬಟ್ಟು ಒಂದಿಷ್ಟು ಸವೆದಿದ್ದರೆ ತೂಕ-ಅಳತೆ ಇಲಾಖೆಯವರು ಅಂಗಡಿಕಾರನಿಗೆ ದಂಡ ಹಾಕುತ್ತಾರೆ. ಈ ತೂಕದ ಮೋಸಕ್ಕೆ ಯಾರು ದಂಡ ತೆತ್ತರು?

2021ರ ಕುಂಭಮೇಳದ ಸಂಗತಿ ಇನ್ನೂ ಹೇಸಿಗೆ. ಪರೀಕ್ಷೆಯನ್ನೇ ಮಾಡಿಸಿಕೊಳ್ಳದ ಪಂಜಾಬಿನ ಒಬ್ಬರಿಗೆ ವರದಿ ಬಂದು, ವಿಚಾರಣೆ ನಡೆದಾಗ, ಹರಿದ್ವಾರದಲ್ಲಿ ಖಾಸಗಿಯವರು ಕೊಟ್ಟ ವರದಿಗಳಲ್ಲಿ ಸುಮಾರು ಒಂದು ಲಕ್ಷ ಸುಳ್ಳೆಂದು ಪ್ರಾಥಮಿಕ ತನಿಖೆಯಲ್ಲಿ ಕಂಡುಬಂತು.

ಎರಡನೆಯ ಅಲೆಯಲ್ಲಿ ಈ ಚೀಟಿಯೇ ಪ್ರಾಣದ ಪರವಾನಗಿಯಾಯಿತು. ಬೆಂಗಳೂರಿನಲ್ಲಿ ಬಿ.ಯು. ನಂಬರ್ ಎಂಬ ಮಾತು ಕೇಳದ ಮನೆಯಿರಲಿಲ್ಲ. ಪಾಸಿಟಿವ್ ವರದಿ ಬಂದ ಮೇಲೆ ಸಿಗುವ ಆ ನಂಬರಿಲ್ಲದೆ ಸರಕಾರದ ಪಾಲಿನ ಹಾಸಿಗೆಯಿಲ್ಲ. ವರದಿಯೋ ದಿನಗಟ್ಟಲೆ ಬರುತ್ತಿರಲಿಲ್ಲ. ಉಸಿರು ಕಟ್ಟುತ್ತಿರುವವನು ಕಾಗದಕ್ಕಾಗಿ ಕಾಯಬೇಕು! ಆಸ್ಪತ್ರೆಗೆ ಸೇರಿಸಲು ಪಾಸಿಟಿವ್ ವರದಿ ಕಡ್ಡಾಯವಲ್ಲ ಎಂಬ ಸಾಮಾನ್ಯ ವಿವೇಕ ಕೇಂದ್ರ ಆರೋಗ್ಯ ಇಲಾಖೆಗೆ ಹೊಳೆದದ್ದು 2021ರ ಮೇ 8ರಂದು. ಸತ್ತ ಮೇಲೂ ಕಾಗದ ಬಿಡಲಿಲ್ಲ. 50,000 ರೂಪಾಯಿ ಪರಿಹಾರಕ್ಕೂ ಪರೀಕ್ಷೆಯ ವರದಿಯೋ ಆಸ್ಪತ್ರೆಯ ವೈದ್ಯರ ನಿರ್ಣಯವೋ ಬೇಕಾಯಿತು. ಇವೆರಡೂ ಇಲ್ಲದೆ ಮನೆಯಲ್ಲೇ ಸತ್ತ ಕೂಲಿಕಾರನ ಹೆಂಡತಿ ಏನನ್ನು ತೋರಿಸಬೇಕು?

ಜನ ಪರೀಕ್ಷೆಗೆ ಬರಲಿಲ್ಲ, ಅಜ್ಞಾನಿಗಳು ಎಂದು ಬೈದವರೂ ಉಂಟು. ಅಜ್ಞಾನವಲ್ಲ ಸ್ವಾಮಿ, ಲೆಕ್ಕ. ಪಾಸಿಟಿವ್ ಎಂದರೆ ಹದಿನಾಲ್ಕು ದಿನದ ಕೂಲಿ ಹೋಯಿತು. ಇ.ಎಸ್.ಐ. ಇರುವ ಗಿರಣಿ ಕಾರ್ಮಿಕನಿಗೆ ಕಾಯಿಲೆಯ ದಿನಗಳಿಗೆ ಕೂಲಿಯ ನೂರಕ್ಕೆ 70ರಷ್ಟು ಸಿಗುವ ಹಕ್ಕಿದೆ, ವರ್ಷಕ್ಕೆ 91 ದಿನಗಳವರೆಗೆ. ಗುತ್ತಿಗೆದಾರ ಹೆಸರನ್ನೇ ಬರೆಸದಿದ್ದರೆ ಅದೂ ಇಲ್ಲ. ಬೀದಿ ವ್ಯಾಪಾರಿಗಂತೂ ಮೊದಲಿನಿಂದಲೇ ಇಲ್ಲ. ಊಟ ಕಸಿಯುವ ಪರೀಕ್ಷೆಗೆ ಯಾರು ತಾವಾಗಿ ಮೂಗೊಡ್ಡುತ್ತಾರೆ?

ಪುಣೆಯ ಒಂದರಿಂದ ಮೊದಲಾಗಿ ದೇಶದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಪ್ರಯೋಗಾಲಯಗಳು ಎದ್ದವು. ಮನಸ್ಸು ಮಾಡಿದರೆ ಆಗುತ್ತದೆಂಬುದಕ್ಕೆ ಇದೇ ಸಾಕ್ಷಿ. ಕೊರೊನಾಕ್ಕೆ ಬಳಸಿದ ಟ್ರೂನ್ಯಾಟ್ ಯಂತ್ರ ಮೂಲತಃ ಕ್ಷಯಕ್ಕೆಂದೇ ನಮ್ಮ ದೇಶದಲ್ಲಿ ರೂಪುಗೊಂಡದ್ದು. ಗಿರಣಿಯ ಧೂಳಿನಲ್ಲಿ ಕೆಮ್ಮುವವರಿಗೆ ಅದು ಇಂದೂ ಬೇಕು. ಆದ್ದರಿಂದ ನಮ್ಮ ಶಾಸಕರು ಬರುವ ಅಧಿವೇಶನದಲ್ಲಿ ಕೇಳಲಿ: ಆಗ ಕೊಂಡ ಯಂತ್ರಗಳಲ್ಲಿ ಎಷ್ಟು ನಡೆಯುತ್ತಿವೆ, ಎಷ್ಟಕ್ಕೆ ಬಟ್ಟೆ ಹೊದಿಸಿದ್ದಾರೆ? ನಡೆಸುವವರಲ್ಲಿ ಖಾಯಂ ನೌಕರರೆಷ್ಟು, ಗುತ್ತಿಗೆಯವರೆಷ್ಟು? ಉತ್ತರವನ್ನು ಪ್ರತಿ ಜಿಲ್ಲಾ ಆಸ್ಪತ್ರೆಯ ಬಾಗಿಲಲ್ಲಿ, ಯಾವ ಪರೀಕ್ಷೆ ಪುಕ್ಕಟೆ, ವರದಿ ಎಷ್ಟು ಗಂಟೆಯೊಳಗೆ ಎಂಬ ವಿವರದೊಡನೆ, ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆಸಲಿ.