ಆ್ಯಪ್‌ಗಳಿಗೆ ಕನ್ನಡ ಬಾರದೆ?

ಮೊಬೈಲಿನ ಆ್ಯಪ್‌ಗಳಲ್ಲಿ ಕನ್ನಡವೇಕಿಲ್ಲವೆಂದು ಕೇಳಿದಾಗಲೆಲ್ಲ ನಮಗೆ ಸಿಗುವ ಉತ್ತರ ಒಂದೇ: "ತಾಂತ್ರಿಕ ತೊಂದರೆ." ಹೀಗೆನ್ನುವವರಲ್ಲಿ ಅನೇಕರು ನಮ್ಮವರೇ. ಪುಣೆ, ಹೈದರಾಬಾದು, ಚೆನ್ನೈಗಳ ಕಂಪನಿಗಳಲ್ಲಿ ಆ್ಯಪ್ ಬರೆಯುವ, ರಾಜ್ಯೋತ್ಸವದ ದಿನ ತಪ್ಪದೆ ಸಂಘಕ್ಕೆ ಬರುವ ನಮ್ಮ ಮನೆಗಳ ತರುಣ ತರುಣಿಯರು. ಅವರಿಗೆ ನಾವು ಸ್ಪಷ್ಟವಾಗಿಯೇ ಹೇಳಬಯಸುತ್ತೇವೆ: ಆ ತೊಂದರೆ ಎಂದೋ ತೀರಿತು, ಉಳಿದಿರುವುದು ಉದಾಸೀನ ಮಾತ್ರ.

ಒಂದು ಕಾಲಕ್ಕೆ ತೊಂದರೆ ನಿಜವಾಗಿಯೂ ಇತ್ತು. ಒಂದು ಗಣಕದಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ಓದಬಾರದ ಕಗ್ಗವಾಗುತ್ತಿತ್ತು. ಯೂನಿಕೋಡ್ 1991ರಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತಾದರೂ, ಮೊದಮೊದಲ ಫೋನುಗಳಲ್ಲಿ ಅಕ್ಷರಗಳ ಜಾಗದಲ್ಲಿ ಖಾಲಿ ಚೌಕಗಳೇ ಕಾಣುತ್ತಿದ್ದವು. ಇಂದು ಆಂಡ್ರಾಯ್ಡ್ ಫೋನಿನಲ್ಲಿಯೂ ಐಫೋನಿನಲ್ಲಿಯೂ ಕನ್ನಡದ ಅಕ್ಷರಗಳಿವೆ, ಕೀಲಿಮಣೆಯಿದೆ. 2019ರಿಂದ ಐಫೋನಿನಲ್ಲಿ, 2022ರ ಆಂಡ್ರಾಯ್ಡ್ 13ರಿಂದ ಆಂಡ್ರಾಯ್ಡಿನಲ್ಲಿ, ಫೋನೆಲ್ಲ ಇಂಗ್ಲಿಷಿನಲ್ಲಿದ್ದರೂ ಒಂದೊಂದು ಆ್ಯಪಿಗೆ ಬೇರೆ ಬೇರೆ ಭಾಷೆಯನ್ನು ಆರಿಸಿಕೊಳ್ಳಬಹುದು. ಆರಿಸಲು ಆ್ಯಪಿನೊಳಗೆ ಕನ್ನಡವಿರಬೇಕು, ಅಷ್ಟೆ.

ಅದನ್ನು ಇರಿಸುವುದಾದರೂ ಎಷ್ಟು ದೊಡ್ಡ ಕೆಲಸ? ಆಂಡ್ರಾಯ್ಡಿನಲ್ಲಿ ತೆರೆಯ ಮೇಲಿನ ಮಾತುಗಳನ್ನು ಒಂದು ಕಡತದಲ್ಲಿ ಬೇರೆಯಾಗಿ ಇಡುವುದು ಪದ್ಧತಿ. ಪಕ್ಕದಲ್ಲಿ 'ವ್ಯಾಲ್ಯೂಸ್-ಕೆಎನ್' ಎಂಬ ಫೋಲ್ಡರ್ ತೆರೆದು ಅವೇ ಮಾತುಗಳ ಕನ್ನಡವನ್ನಿಟ್ಟರೆ, ಕನ್ನಡ ಆರಿಸಿದವರ ಫೋನ್ ತಾನಾಗಿಯೇ ಅದನ್ನು ತೋರಿಸುತ್ತದೆ. ಯಾವುದೋ ಒಂದು ಮಾತು ಅನುವಾದವಾಗದೆ ಉಳಿದರೆ ಅದು ಮೂಲ ಭಾಷೆಯಲ್ಲಿ ಕಾಣುತ್ತದೆ, ಆ್ಯಪೇನೂ ಕೆಡುವುದಿಲ್ಲ. 2015ರಲ್ಲಿ ಬಂದ ರಿಯಾಕ್ಟ್ ನೇಟಿವ್, 2018ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ಫ್ಲಟರ್, ಇವುಗಳ ನೆರವಿನಿಂದ ಒಮ್ಮೆ ಬರೆದ ಆ್ಯಪ್ ಎರಡೂ ಬಗೆಯ ಫೋನುಗಳಲ್ಲಿ ನಡೆಯುತ್ತದೆ. ಎರಡು ಫೋನುಗಳಿಗೆ ಒಂದೇ ದುಡಿಮೆ ಸಾಕಾಯಿತೆಂದು ಹಿಗ್ಗುವವರಿಗೆ ಎರಡನೆಯ ಭಾಷೆಯೊಂದೇ ಭಾರವಾಯಿತೆ?

ಮನಸ್ಸಿದ್ದರೆ ಮಾರ್ಗ. 2016ರ ಡಿಸೆಂಬರ್ 30ರಂದು ಭೀಮ್ ಆ್ಯಪ್ ಬಂದಾಗ ಅದರಲ್ಲಿದ್ದುದು ಹಿಂದಿ, ಇಂಗ್ಲಿಷ್ ಎರಡೇ. 2017ರಲ್ಲಿ ಇತರ ಭಾಷೆಗಳೊಡನೆ ಕನ್ನಡವೂ ಸೇರಿತು. ಅಷ್ಟರಲ್ಲಿ ಕನ್ನಡ ಲಿಪಿಯೇನೂ ಬದಲಾಗಿರಲಿಲ್ಲ.

ಇನ್ನು ಕೆಲವರು, "ಈಗ ಯಂತ್ರವೇ ಅನುವಾದ ಮಾಡುತ್ತದೆ, ಚಿಂತೆಯೇಕೆ?" ಎನ್ನುತ್ತಾರೆ. ಗೂಗಲ್ಲಿನ ಅನುವಾದ ಯಂತ್ರಕ್ಕೆ 2011ರಿಂದಲೇ ಕನ್ನಡ ಬರುತ್ತದೆ. ಈಗಿನ ಕೃತಕ ಬುದ್ಧಿಮತ್ತೆ ಆ್ಯಪನ್ನೇ ಬರೆದುಕೊಡುತ್ತದೆ. ಆದರೆ ಕಣ್ಣು ಮುಚ್ಚಿ ನಂಬಿದರೆ ಟಿಕೆಟ್ ಬುಕ್ ಮಾಡುವ ಗುಂಡಿಯ ಮೇಲೆ 'ಪುಸ್ತಕ' ಎಂದು ಬರುತ್ತದೆ! ಯಂತ್ರ ಕರಡು ಮಾಡಿಕೊಡಲಿ. ತಿದ್ದುವವರು ಕನ್ನಡ ಬಲ್ಲವರೇ ಆಗಿರಬೇಕು.

ಭಾಷೆಯ ಜಾಯಮಾನವನ್ನೂ ತಿಳಿಯಬೇಕು. ಇಂಗ್ಲಿಷಿನಲ್ಲಿ 'ಸೆಂಟ್ ಟು' ಎಂಬುದರ ಮುಂದೆ ಯಾವ ಹೆಸರನ್ನು ಅಂಟಿಸಿದರೂ ವಾಕ್ಯ ನಿಲ್ಲುತ್ತದೆ. ಕನ್ನಡದಲ್ಲಿ ವಿಭಕ್ತಿ ಹೆಸರಿನ ಬಾಲಕ್ಕೆ ಬರುತ್ತದೆ: ಗೌರಿಗೆ, ರಮೇಶನಿಗೆ. ತುಂಡು ಮಾತುಗಳನ್ನು ಜೋಡಿಸುವ ಅಭ್ಯಾಸ ಇಲ್ಲಿ ಸಲ್ಲದು. "ಗೌರಿ ಅವರಿಗೆ ಹಣ ಕಳಿಸಲಾಗಿದೆ" ಎಂದು ಇಡೀ ವಾಕ್ಯವನ್ನು ಬರೆದು ಹೆಸರಿಗೆ ಮಾತ್ರ ಜಾಗ ಬಿಟ್ಟರೆ ವ್ಯಾಕರಣವೂ ಉಳಿಯಿತು, ಮರ್ಯಾದೆಯೂ ಉಳಿಯಿತು. 'ಸ್ತ್ರೀ', 'ರಾಷ್ಟ್ರ'ಗಳ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ. ಗುಂಡಿಯ ಎತ್ತರವನ್ನು ಇಂಗ್ಲಿಷಿನ ಅಳತೆಗೆ ಬಿಗಿದರೆ ಅವುಗಳ ಕಾಲು ಕತ್ತರಿಸಿಹೋಗುತ್ತದೆ. 'ನೆಕ್ಸ್ಟ್' ಹಿಡಿಸುವ ಜಾಗದಲ್ಲಿ 'ಮುಂದುವರಿಯಿರಿ' ಹಿಡಿಸುವುದಿಲ್ಲ. ಇವೆಲ್ಲ ಅರ್ಧ ದಿನದ ಎಚ್ಚರಿಕೆಯ ಮಾತುಗಳೇ ಹೊರತು ಸಂಶೋಧನೆಯ ವಿಷಯಗಳಲ್ಲ.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇವೆಂದರೆ, ಇದು ಬರಿಯ ಅಭಿಮಾನದ ಪ್ರಶ್ನೆಯಲ್ಲ. ಊರಿನಿಂದ ಬಂದು ಮಗನ ಮನೆಯಲ್ಲಿರುವ ತಾಯಿಗೆ ಕನ್ನಡವೊಂದೇ ಓದಲು ಬರುತ್ತದೆ. ಅವರ ಪಿಂಚಣಿ, ಔಷಧ, ಗ್ಯಾಸು, ರೈಲು ಎಲ್ಲವೂ ಇಂದು ಫೋನಿನೊಳಗಿವೆ. ಹಣ ಪಡೆಯಲು ಪಿನ್ ಬೇಕಿಲ್ಲ, ಪಿನ್ ಒತ್ತಿದರೆ ಹಣ ಹೋಗುತ್ತದೆ. ಈ ಒಂದು ಎಚ್ಚರಿಕೆ ಅವರಿಗೆ ತಿಳಿಯುವ ಭಾಷೆಯಲ್ಲಿ ಇಲ್ಲದಿದ್ದರೆ ಮೋಸಗಾರನ ಕರೆಗೆ ಅವರು ಸುಲಭದ ತುತ್ತು. ಮೋಸವಾಗದಿದ್ದರೂ, ಸ್ವಂತ ಹಣದ ಲೆಕ್ಕಕ್ಕೆ ಮೊಮ್ಮಗನ ಬಿಡುವಿಗಾಗಿ ಕಾಯುವುದು ಯಾವ ಹಿರಿಯರಿಗೆ ಹಿತ?

"ಕನ್ನಡ ಬೇಕೆಂದು ಯಾರೂ ಕೇಳುವುದಿಲ್ಲ" ಎಂಬುದು ಕೊನೆಯ ವಾದ. 2011ರ ಜನಗಣತಿಯಂತೆ ಕನ್ನಡ ಭಾಷಿಕರು 4 ಕೋಟಿ 37 ಲಕ್ಷ. ಇಲ್ಲದ ತಿಂಡಿಯನ್ನು ಗಿರಾಕಿ ಕೇಳಲಿಲ್ಲವೆಂದು ಹೋಟೆಲಿನವನು ಹೇಳಿದಂತಾಯಿತು ಇದು! ಆದರೂ ಆ ನೆಪಕ್ಕೂ ಎಡೆ ಕೊಡಬಾರದು. ಓದುಗ ಬಂಧುಗಳೇ, ಕನ್ನಡವಿರುವ ಆ್ಯಪಿನಲ್ಲಿ ಕನ್ನಡವನ್ನೇ ಆರಿಸಿರಿ. ಇಲ್ಲದ ಆ್ಯಪಿನ ಅಭಿಪ್ರಾಯದ ಅಂಕಣದಲ್ಲಿ ಕನ್ನಡ ಬೇಕೆಂದು ಕನ್ನಡದಲ್ಲಿಯೇ ಬರೆಯಿರಿ.

ಹಿಂದೆ ಮುಂಬಯಿಯ ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರಿಗಾಗಿ ನಮ್ಮ ಹಿರಿಯರು ಕನ್ನಡ ರಾತ್ರಿಶಾಲೆಗಳನ್ನು ನಡೆಸಿದರು. ಹಗಲೆಲ್ಲ ದುಡಿದು ದಣಿದವರು ಅಲ್ಲಿ ಅಕ್ಷರ ಕಲಿತರು. ಅಂಥವರ ಮೊಮ್ಮಕ್ಕಳಿಗೆ ಒಂದು ಫೋಲ್ಡರ್ ತೆರೆಯುವುದು ಕಷ್ಟವೆಂದರೆ ನಂಬುವವರಾರು? ಪ್ರತಿಯೊಂದು ಕನ್ನಡ ಸಂಘವೂ ತಿಂಗಳಿಗೊಂದು ಭಾನುವಾರ ಆ್ಯಪ್ ಬರೆಯುವ ತರುಣರನ್ನೂ ಭಾಷೆ ಬಲ್ಲ ಹಿರಿಯರನ್ನೂ ಒಂದೇ ಮೇಜಿನ ಸುತ್ತ ಕೂರಿಸಲಿ. ಭಾಷಣ ಸಾಕು, ಕೆಲಸ ಆರಂಭವಾಗಲಿ.