ಜೀರ್ಣೋದ್ಧಾರದ ಕಾಗದಪತ್ರ ಯಾರ ಬಳಿ ಇದೆ?

2019ರ ಏಪ್ರಿಲ್ 15ರ ಸಂಜೆ ಪ್ಯಾರಿಸ್ಸಿನ ನೋತ್ರ್ ದಾಮ್ ಚರ್ಚಿನ ಚಾವಣಿಗೆ ಬೆಂಕಿ ಬಿತ್ತು. ಅದರ ನೆತ್ತಿಯ ಮೇಲಿದ್ದ ಮೊನಚು ಶಿಖರ ಉರಿದು ಮುರಿದುಬಿದ್ದುದನ್ನು ಜಗತ್ತೇ ಟೀವಿಯಲ್ಲಿ ನೋಡಿತು. ಚರ್ಚು ಎಂಟುನೂರು ವರ್ಷಕ್ಕೂ ಹಳೆಯದು. ಬಿದ್ದ ಶಿಖರ ಮಾತ್ರ 1859ರದು, ಎಜೆನ್ ವಿಯೊಲೆ-ಲ-ದ್ಯುಕ್ ಎಂಬ ವಾಸ್ತುಶಿಲ್ಪಿಯ ಕೃತಿ. 2024ರ ಡಿಸೆಂಬರಿನಲ್ಲಿ ಚರ್ಚು ಮತ್ತೆ ಬಾಗಿಲು ತೆರೆದಾಗ ಅದೇ ಆಕಾರದ, ಅದೇ 96 ಮೀಟರ್ ಎತ್ತರದ ಶಿಖರ ಅಲ್ಲಿ ನಿಂತಿತ್ತು. ಹಣ ಮತ್ತು ಕುಶಲಿಗರಿಂದಷ್ಟೇ ಆದ ಕೆಲಸ ಇದಲ್ಲ. ಕಟ್ಟಿದವರು ಬರೆದಿಟ್ಟಿದ್ದರು, ನಂತರದವರು ಅದನ್ನು ಕಾಪಾಡಿಕೊಂಡು ಬಂದಿದ್ದರು.

1814ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ವಿಯೊಲೆ-ಲ-ದ್ಯುಕ್ ಅಲ್ಲಿನ ಹೆಸರಾಂತ ಕಲಾಶಾಲೆಯ ಮೆಟ್ಟಿಲು ಹತ್ತಲಿಲ್ಲ. ಊರೂರು ತಿರುಗಿ, ಹಳೆಯ ಕಟ್ಟಡಗಳ ಚಿತ್ರ ಬರೆಯುತ್ತಲೇ ಕಸುಬು ಕಲಿತರು. ಸ್ಮಾರಕಗಳ ಮುಖ್ಯ ಪರಿವೀಕ್ಷಕರಾಗಿದ್ದ ಸಾಹಿತಿ ಪ್ರಾಸ್ಪೆರ್ ಮೆರಿಮೆ 1840ರಲ್ಲಿ ವೆಜ್ಲೆ ಊರಿನ ಚರ್ಚನ್ನು ಈ ಇಪ್ಪತ್ತಾರರ ಯುವಕನಿಗೆ ಒಪ್ಪಿಸಿದರು. ಬೀಳುವ ಸ್ಥಿತಿಯಲ್ಲಿದ್ದ ಆ ಕಟ್ಟಡ ಉಳಿಯಿತು. 1844ರಲ್ಲಿ ಜಾನ್-ಬಾಪ್ತಿಸ್ತ್ ಲಾಸ್ಯೂ ಅವರೊಂದಿಗೆ ನೋತ್ರ್ ದಾಮ್‌ನ ಹೊಣೆ ಬಂತು. 1857ರಲ್ಲಿ ಲಾಸ್ಯೂ ತೀರಿಕೊಂಡ ಮೇಲೆ ವಿಯೊಲೆ-ಲ-ದ್ಯುಕ್ ಒಬ್ಬರೇ ಆ ಕೆಲಸ ಮುಂದುವರಿಸಿದರು.

ಇಪ್ಪತ್ತು ವರ್ಷದ ಆ ಕಾಮಗಾರಿಗೆ ದಿನಚರಿ ಇತ್ತು. ಯಾವ ದಿನ ಕಟ್ಟಡದ ಯಾವ ಭಾಗದಲ್ಲಿ ಏನು ಕೆಲಸ ನಡೆಯಿತೆಂದು ಅದರಲ್ಲಿ ಬರೆದಿಡುತ್ತಿದ್ದರು. ಶಿಖರದ ನಕ್ಷೆಗಳನ್ನೂ ಅಳತೆಯಿಟ್ಟು ಬರೆದಿದ್ದರು. ವಿಯೊಲೆ-ಲ-ದ್ಯುಕ್ ಹೆಸರು ಕೇಳಿದರೆ ಜನ ಕಟ್ಟಡಗಳನ್ನೇ ನೆನೆಯುತ್ತಾರೆ. ಆದರೆ ಮಧ್ಯಯುಗದ ಕಟ್ಟಡಕಲೆಯ ಬಗ್ಗೆ 1854ರಿಂದ 1868ರವರೆಗೆ ಅವರು ಹೊರತಂದ ಹತ್ತು ಸಂಪುಟಗಳ ಸಚಿತ್ರ ಕೋಶ, ರಾಶಿ ರಾಶಿ ನಕ್ಷೆ, ವರದಿಗಳಿಗೂ ಅಷ್ಟೇ ತೂಕವಿದೆ.

ಅವರನ್ನು ದೂರಿದವರು ಕಡಿಮೆಯೇನಲ್ಲ, ದೂರಿನಲ್ಲಿ ಹುರುಳೂ ಇತ್ತು. ಹಳೆಯ ಕಟ್ಟಡವನ್ನು ಹಿಂದೆ ಎಂದೂ ಇಲ್ಲದಿದ್ದ ಪೂರ್ಣತೆಗೆ ತರುವುದೂ ಪುನರುದ್ಧಾರವೇ ಎಂಬುದು ಅವರ ನಿಲುವಾಗಿತ್ತು. ಇಂಗ್ಲೆಂಡಿನ ಜಾನ್ ರಸ್ಕಿನ್ 1849ರಲ್ಲೇ ಇಂಥ ಪುನರುದ್ಧಾರವನ್ನು ನಾಶವೆಂದೇ ಕರೆದಿದ್ದರು. ದಕ್ಷಿಣ ಫ್ರಾನ್ಸಿನ ಕಾರ್ಕಸೋನ್ ಕೋಟೆಯ ಬುರುಜುಗಳಿಗೆ ಉತ್ತರದ ಶೈಲಿಯ ಚೂಪು ಚಾವಣಿ ಹೊದಿಸಿದ್ದಕ್ಕೆ ಇಂದಿಗೂ ಟೀಕೆಯಿದೆ. ತುಲೂಸಿನ ಸ್ಯಾನ್ ಸೆರ್ನ್ಯಾ ಚರ್ಚಿನಲ್ಲಂತೂ ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಅವರು ಮಾಡಿದ ಮಾರ್ಪಾಡುಗಳನ್ನೇ ತೆಗೆದು, ಮೇಲ್ಭಾಗಕ್ಕೆ ಮೊದಲಿನ ರೂಪ ಕೊಟ್ಟರು. ಏನು ಬದಲಾಗಿತ್ತೆಂದು ಗೊತ್ತಿದ್ದುದರಿಂದಲೇ ಇದು ಸಾಧ್ಯವಾಯಿತು. ದಾಖಲೆ ಇದ್ದರೆ ತಪ್ಪನ್ನೂ ತಿದ್ದಬಹುದು. ಇಲ್ಲದಿದ್ದರೆ ತಪ್ಪೇ ಮೂಲವಾಗಿ ನಿಲ್ಲುತ್ತದೆ.

ನೋತ್ರ್ ದಾಮ್‌ನ ಬೆಂಕಿಯ ನಂತರ ಶಿಖರಕ್ಕೆ ಹೊಸ ಕಾಲದ ವಿನ್ಯಾಸ ಬೇಕೆಂಬ ಮಾತು ಎದ್ದಿತು. ಅಧ್ಯಕ್ಷ ಮಾಕ್ರೋನ್ ಅವರಿಗೂ ಅದರಲ್ಲಿ ಒಲವಿತ್ತು. ಕೊನೆಗೆ 2020ರ ಜುಲೈಯಲ್ಲಿ ಇದ್ದಂತೆಯೇ ಕಟ್ಟುವ ತೀರ್ಮಾನವಾಯಿತು. ಸುಟ್ಟುಹೋದ ಚಾವಣಿಯ ಮಧ್ಯಯುಗದ ಮರದ ಚೌಕಟ್ಟಿನ ಕಥೆ ಇನ್ನೂ ದೊಡ್ಡದು. ರೆಮಿ ಫ್ರೊಮೊನ್, ಸೆದ್ರಿಕ್ ತ್ರಾಂತೆಸೋ ಎಂಬ ಇಬ್ಬರು ವಾಸ್ತುಶಿಲ್ಪಿಗಳು 2014ರಲ್ಲೇ ಆ ಚಾವಣಿಯೊಳಗೆ ಹತ್ತಿ ಪ್ರತಿ ತೊಲೆಯನ್ನೂ ಅಳೆದು ನಕ್ಷೆ ಬರೆದಿದ್ದರು. ಐದೇ ವರ್ಷದಲ್ಲಿ ಆ ತೊಲೆಗಳು ಬೂದಿಯಾದವು, ನಕ್ಷೆ ಉಳಿಯಿತು. ಅದನ್ನೇ ಹಿಡಿದು ಬಡಗಿಗಳು ಓಕ್ ಮರವನ್ನು ಕೊಡಲಿಯಿಂದ ಕೆತ್ತಿ ಹಳೆಯ ರೀತಿಯಲ್ಲೇ ಚೌಕಟ್ಟು ಕೂಡಿಸಿದರು.

ಇಂಥ ದಾಖಲೆ ಯಾರೊಬ್ಬರ ಖಾಸಗಿ ಹವ್ಯಾಸ ಆಗಬಾರದೆಂದು 1964ರ ವೆನಿಸ್ ಸನ್ನದು ಹೇಳಿತು. ಪ್ರತಿ ಸಂರಕ್ಷಣಾ ಕೆಲಸಕ್ಕೂ ನಕ್ಷೆ, ಛಾಯಾಚಿತ್ರಗಳಿರುವ ವರದಿ ಇರಬೇಕು, ಅದನ್ನು ಸಾರ್ವಜನಿಕ ಪತ್ರಾಗಾರದಲ್ಲಿಟ್ಟು ಸಂಶೋಧಕರಿಗೆ ತೆರೆದಿಡಬೇಕು ಎಂಬುದು ಅದರ ಹದಿನಾರನೆಯ ವಿಧಿ.

ದಾಖಲೆಯ ಬೆಲೆ ನಮ್ಮಲ್ಲೂ ಎಷ್ಟೆಂದು ತಿಳಿಯಲು ಹಂಪಿಯ ಒಂದು ಉದಾಹರಣೆ ಸಾಕು. ವಿಜಯವಿಠ್ಠಲ ದೇಗುಲದ ಕಲ್ಲಿನ ರಥ ಈಗ ಐವತ್ತು ರೂಪಾಯಿ ನೋಟಿನ ಮೇಲೂ ಇದೆ. ಆ ರಥಕ್ಕೆ ಒಂದು ಕಾಲದಲ್ಲಿ ಇಟ್ಟಿಗೆಯ ಶಿಖರವಿತ್ತು. ಇದು ನಮಗೆ ಸ್ಪಷ್ಟವಾಗಿ ಕಾಣುವುದು ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಸೇನಾಧಿಕಾರಿ 1856ರಲ್ಲಿ ಮೇಣಗಾಗದದ ನೆಗೆಟಿವ್‌ಗಳ ಮೇಲೆ ತೆಗೆದ ಛಾಯಾಚಿತ್ರದಲ್ಲಿ. ಇಂಥ ಚಿತ್ರಗಳು ಉಳಿಯದಿದ್ದರೆ, ಇಂದು ನಾವು ನೋಡುವ ಚಪ್ಪಟೆ ನೆತ್ತಿಯೇ ವಿಜಯನಗರದವರು ಕಟ್ಟಿದ ರೂಪವೆಂದು ಮಕ್ಕಳು ಓದಿಕೊಳ್ಳುತ್ತಿದ್ದರು.

ಹಂಪಿಗೆ ಒಬ್ಬ ಗ್ರೀನ್‌ಲಾ ಸಿಕ್ಕಿದ. ನಮ್ಮ ಹಳ್ಳಿಗಳ ಸಾವಿರಾರು ಗುಡಿಗಳಿಗೆ ಯಾರೂ ಸಿಕ್ಕಿಲ್ಲ. ಜೀರ್ಣೋದ್ಧಾರದ ಹೆಸರಿನಲ್ಲಿ ಗಾರೆ ಕಿತ್ತು ಸಿಮೆಂಟು ಮೆತ್ತುತ್ತಾರೆ, ಶಾಸನದ ಕಲ್ಲಿಗೆ ಎನಾಮಲ್ ಬಣ್ಣ ಬಳಿಯುತ್ತಾರೆ, ನೆಲಕ್ಕೆ ಟೈಲ್ಸ್ ಹಾಸುತ್ತಾರೆ. ಚೆನ್ನಾಗಿ ಮಾಡಿದ ಕೆಲಸಕ್ಕೂ ದಾಖಲೆ ಇರುವುದಿಲ್ಲ: ಗಾರೆಗೆ ಸುಣ್ಣ ಎಷ್ಟು, ಬೆಲ್ಲ ಎಷ್ಟು, ಯಾವ ಕಂಬ ಹಳೆಯದು, ಯಾವುದು ಹೊಸದಾಗಿ ಕೆತ್ತಿದ್ದು ಎಂಬುದು ಆ ಸ್ಥಪತಿಯ ನೆನಪಿನಲ್ಲೇ ಉಳಿಯುತ್ತದೆ, ಅವರೊಂದಿಗೇ ಹೋಗುತ್ತದೆ. ಅಂದಾಜು ಪಟ್ಟಿ, ಅಳತೆ ಪುಸ್ತಕಗಳು ಬಿಲ್ ಪಾಸಾಗುವವರೆಗೆ ಮಾತ್ರ ಬೇಕಾದ ಕಾಗದಗಳಾಗಿವೆ.

ಇದನ್ನು ಸರಿಪಡಿಸಲು ಕೋಟಿಗಟ್ಟಲೆ ಹಣ ಬೇಕಿಲ್ಲ. ಸರ್ಕಾರದ ಅನುದಾನದಲ್ಲಿ ನಡೆಯುವ ಪ್ರತಿ ಜೀರ್ಣೋದ್ಧಾರದ ಕೊನೆಯ ಕಂತಿಗೆ ಒಂದು ಷರತ್ತು ಹಾಕಲಿ: ಮೊದಲಿನ ಮತ್ತು ನಂತರದ ನಕ್ಷೆ, ಛಾಯಾಚಿತ್ರ, ಬಳಸಿದ ಸಾಮಗ್ರಿಯ ವಿವರದ ಒಂದು ಪ್ರತಿ ರಾಜ್ಯ ಪತ್ರಾಗಾರಕ್ಕೆ ತಲುಪಿದ ಮೇಲೆಯೇ ಹಣ ಬಿಡುಗಡೆಯಾಗಬೇಕು. ವಯಸ್ಸಾದ ಸ್ಥಪತಿಗಳ, ವಾಸ್ತುಶಿಲ್ಪಿಗಳ ಮನೆಯಲ್ಲಿರುವ ಹಳೆಯ ನಕ್ಷೆಗಳನ್ನೂ ಪತ್ರಾಗಾರವೇ ಕೇಳಿ ಪಡೆಯಲಿ. ನಿಮ್ಮೂರ ಗುಡಿಯ ಕೆಲಸ ಈ ವರ್ಷ ಶುರುವಾಗುವುದಿದ್ದರೆ, ಮೊದಲ ಕಲ್ಲು ಅಲುಗಿಸುವ ಮುನ್ನ ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದಿಡಿ, ಸಮಿತಿಯ ಕಡತದಲ್ಲಿ ದಿನಾಂಕ ಹಾಕಿ ಸೇರಿಸಿ.