ಮಂಡಿಯ ಪಕ್ಕದ ಎಂಬಿಎ

2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಟೊಮೆಟೊ ಬಾಕ್ಸಿನ ಬೆಲೆ ಎರಡು ಸಾವಿರ ರೂಪಾಯಿ ದಾಟಿತ್ತು. ಕೊಯ್ಲಿನ ಕೂಲಿಯೂ ಗಿಟ್ಟದೆ ಅದೇ ಹಣ್ಣನ್ನು ರಸ್ತೆಗೆ ಸುರಿದ ವರ್ಷಗಳೂ ಉಂಟು. ಬೆಲೆ ಹೀಗೇಕೆ ಏರಿಳಿಯುತ್ತದೆ, ನಡುವೆ ಉಳಿಯುವ ಹಣ ಯಾರ ಕೈ ಸೇರುತ್ತದೆ? ಎಂಬಿಎ ವಿದ್ಯಾರ್ಥಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ.

ಬೆಂಗಳೂರು ಉತ್ತರ ವಿಶ್ವವಿದ್ಯಾಲಯದ ಕೇಂದ್ರಸ್ಥಾನ ಅದೇ ಕೋಲಾರದ ಟಮಕದಲ್ಲಿದೆ. 1964ರಲ್ಲಿ ಹುಟ್ಟಿದ ಬೆಂಗಳೂರು ವಿಶ್ವವಿದ್ಯಾಲಯವನ್ನು 2017ರಲ್ಲಿ ಮೂರು ಭಾಗ ಮಾಡಿದಾಗ ಬಂದ ಪಾಲು ಇದು. ಹೆಸರು ಬೆಂಗಳೂರಿನದು, ವಿಳಾಸ ಕೋಲಾರದ್ದು ಎಂದು ನಕ್ಕವರಿದ್ದರು. ಆ ನಗೆಪಾಟಲೇ ಅದರ ಬಂಡವಾಳ ಎಂಬುದು ನನ್ನ ವಾದ.

ಆರ್.ಟಿ. ನಗರದ ತಂದೆತಾಯಿ ಮೊದಲು ಕೇಳುವುದು ಪ್ಲೇಸ್‌ಮೆಂಟ್ ಎಷ್ಟು ಎಂದು. ಅದು ತಪ್ಪಲ್ಲ, ಸಾಲ ತೀರಿಸಬೇಕಾದವರು ಅವರೇ. ಸಂಬಳದ ಆ ಓಟದಲ್ಲಿ ಬನ್ನೇರುಘಟ್ಟ ರಸ್ತೆಯ ಐಐಎಂ ಅನ್ನು ಪ್ರಾದೇಶಿಕ ವಿಶ್ವವಿದ್ಯಾಲಯ ಹಿಂದಿಕ್ಕಲಾರದು. ಐಐಎಂನ ಪಠ್ಯವನ್ನು ನಕಲು ಮಾಡಿದರೆ ಕೈಗೆ ಬರುವುದು ನಕಲೇ.

ಇತ್ತ ಲೋಕಾಡಳಿತವನ್ನೂ ವ್ಯವಹಾರ ಅಧ್ಯಯನವನ್ನೂ ಬೇರೆ ಬೇರೆ ಕೊಠಡಿಗಳಲ್ಲಿ ಕೂರಿಸಿದ್ದೇವೆ. ಊರಿನಲ್ಲಿ ಅವು ಹಾಗೆ ಬೇರ್ಪಟ್ಟಿಲ್ಲ. 2020ರಲ್ಲಿ ಎಪಿಎಂಸಿ ಕಾಯ್ದೆಗೆ ತಿದ್ದುಪಡಿಯಾಗಿ ಪ್ರಾಂಗಣದ ಹೊರಗೂ ಮಾರಾಟಕ್ಕೆ ಅವಕಾಶ ಸಿಕ್ಕಾಗ ಮಾರುಕಟ್ಟೆ ಸಮಿತಿಗಳ ಸೆಸ್ ಆದಾಯ ಕುಸಿಯಿತು. ಯಶವಂತಪುರ ಯಾರ್ಡಿನ ಈರುಳ್ಳಿ ವರ್ತಕನ ಲೆಕ್ಕವನ್ನು ವಿಧಾನಸೌಧ ಬದಲಿಸುವುದು ಹೀಗೆ. ಹೆಬ್ಬಾಳ–ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಚಿಕ್ಕಬಳ್ಳಾಪುರದ ಕೆರೆಗಳಿಗೆ ಹರಿಯುತ್ತಿದೆ. ಕೊಡುವವರು ಜಲಮಂಡಳಿ, ಹರಿಸುವವರು ಸಣ್ಣ ನೀರಾವರಿ ಇಲಾಖೆ; ಆ ನೀರಿನ ಗುಣಮಟ್ಟದ ತಕರಾರು ಮಾತ್ರ ಕೆರೆಯ ದಂಡೆಯ ರೈತನದು. ಯಲಹಂಕದ ಮನೆಯೊಂದರ ಖಾತೆ 2007ರವರೆಗೆ ನಗರಸಭೆಯದು, ಆಮೇಲೆ ಬಿಬಿಎಂಪಿಯದು, 2025ರ ಸೆಪ್ಟೆಂಬರ್‌ನಿಂದ ಬೆಂಗಳೂರು ಉತ್ತರ ನಗರ ಪಾಲಿಕೆಯದು. ತುಸು ಆಚೆ ಹೋದರೆ ಪಂಚಾಯಿತಿಯ ನಮೂನೆ 9 ಮತ್ತು 11. ಅಧಿಕಾರಶಾಹಿಯ ಬಗ್ಗೆ ಮ್ಯಾಕ್ಸ್ ವೆಬರ್ ಹೇಳಿದ್ದನ್ನು ಬಾಯಿಪಾಠ ಮಾಡುವ ನಮ್ಮ ವಿದ್ಯಾರ್ಥಿಗೆ, ಕಡತ ಯಾವ ವಿಷಯ ನಿರ್ವಾಹಕರ ಮೇಜಿನ ಮೇಲೆ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ ಎಂಬುದು ಗೊತ್ತಿರುವುದಿಲ್ಲ.

ಇನ್ನೊಂದು ಕೊರತೆ ಭಾಷೆಯದು. 2024ರ ಆಗಸ್ಟ್ 27ರಂದು ಕೆಪಿಎಸ್‌ಸಿ ನಡೆಸಿದ ಗೆಜೆಟೆಡ್ ಪ್ರೊಬೇಷನರಿ ಪೂರ್ವಭಾವಿ ಪರೀಕ್ಷೆಯಲ್ಲಿ ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಮರುಪರೀಕ್ಷೆ ಮಾಡಬೇಕಾಯಿತು. ಡಿಸೆಂಬರ್ 29ರ ಆ ಮರುಪರೀಕ್ಷೆಯಲ್ಲೂ ತಪ್ಪುಗಳು ಉಳಿದಿದ್ದವು. ಕನ್ನಡ ಆಡಳಿತ ಭಾಷೆಯಾಗಬೇಕೆಂಬ ಕಾನೂನು ಬಂದದ್ದು 1963ರಲ್ಲಿ! ಆಡಳಿತವನ್ನು ಕನ್ನಡದಲ್ಲೇ ಯೋಚಿಸಿ ಬರೆಯುವವರನ್ನು ತಯಾರು ಮಾಡುವ ಕೆಲಸವನ್ನು ಐಐಎಂ ಮಾಡುವುದಿಲ್ಲ, ಖಾಸಗಿ ವಿಶ್ವವಿದ್ಯಾಲಯಗಳಿಗೆ ಅದರಲ್ಲಿ ಲಾಭವಿಲ್ಲ. ಸರ್ಕಾರಿ ಪ್ರಾದೇಶಿಕ ವಿಶ್ವವಿದ್ಯಾಲಯ ಹೇಳಿಕೊಳ್ಳಬಹುದಾದ ದೊಡ್ಡ ಹೆಚ್ಚುಗಾರಿಕೆ ಇದು.

ಹೊಸ ಕಟ್ಟಡಕ್ಕೆ ಕಾಯದೆ ಈ ಸೆಮಿಸ್ಟರಿನಲ್ಲೇ ಶುರು ಮಾಡಬಹುದಾದದ್ದು ಪ್ರಾಜೆಕ್ಟ್ ವರದಿಯ ರಿಪೇರಿ. ಹಲವು ಕಾಲೇಜುಗಳ ಸುತ್ತ ಅದು ಜೆರಾಕ್ಸ್ ಅಂಗಡಿಯಲ್ಲೇ ಸಿದ್ಧವಾಗುತ್ತದೆ, ಮುಖಪುಟದ ಹೆಸರಷ್ಟೇ ಬೇರೆ. ವಿದ್ಯಾರ್ಥಿಯನ್ನು ಬೆಳಗಿನ ಹರಾಜಿನ ಹೊತ್ತಿಗೆ ಯಾರ್ಡಿಗೋ ಖಾತೆ ಕೌಂಟರಿಗೋ ಕಳಿಸಿ, ಮೂರು ತಿಂಗಳು ಅಲ್ಲೇ ಕೂರಿಸಿ, ವರದಿಯನ್ನು ಕನ್ನಡದಲ್ಲಿ ಬರೆಸಲಿ. ವೈವಾದಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟನೇ ನಂಬರಿನ ಮಳಿಗೆ, ಯಾರ ಲೆಕ್ಕದ ಪುಸ್ತಕ?